ಮಡಿಕೆಯಿಲ್ಲದ ನಾಲಿಗೆ

ಫಿಲಂ ಖಾಲಿಯಾಗಿತ್ತು.

ಒಂದೆರಡು ಚಿತ್ರ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೂವತ್ತಾರಕ್ಕೆ ಮೂವತ್ತಾರೂ ಇಲ್ಲ! ನೀರು ತೊಟ್ಟಿಕ್ಕುತ್ತಿದ್ದ ಉದ್ದನೆಯ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಂಡಿತು, ಗೋಡೆಯ ಗಡಿಯಾರ ಕಂಡಿತು, ಗಡಿಯಾರದಲ್ಲಿ ಹನ್ನೊಂದೂಕಾಲು ಕಂಡಿತು. ಕಾಣಬೇಕಾಗಿದ್ದ ಮುಖ ಮಾತ್ರ ಇರಲಿಲ್ಲ.

“ಮಾಮ, ಬೇರೆ ರೋಲ್ ತೊಳೆದುಬಿಟ್ರಾ?” ಸ್ಟುಡಿಯೋದ ಒಡತಿ ಪಟ್ಟಿಯನ್ನು ತಿರುಗಿಸಿ ಮತ್ತೆ ಬೆಳಕಿಗೆ ಹಿಡಿದಳು.

“ತೊಳೆಯೋ ರೋಲಿನ ಬಟ್ಟಲಲ್ಲಿ ಇದ್ದದ್ದು ಇದೊಂದೇ, ತಾಯಿ.”

ಕತ್ತಲೆಕೋಣೆಯ ಈ ಮನುಷ್ಯನನ್ನು ಎಲ್ಲರೂ ‘ತೊಳೆಯೋ ಮಾಮ’ ಎಂದೇ ಕರೆಯುತ್ತಿದ್ದರು. ಒಡತಿಯ ಅಪ್ಪನ ಕಾಲದಿಂದ ಅಲ್ಲಿ ಫಿಲಂ ತೊಳೆಯುತ್ತಿದ್ದವರು. ಅವಳು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಅವಳ ಮೂಗು ಒರೆಸಿದ ಕೈಯೂ ಅದೇ.

“ಔಷಧಿ ಕೆಟ್ಟಿತ್ತಾ?”

“ನೋಡು ಇಲ್ಲಿ.” ಮಾಮ ಪಟ್ಟಿಯ ಅಂಚನ್ನು ತೋರಿಸಿದರು. “ಕಂಪನಿ ಹೆಸರು, ನಂಬರು, ಎಲ್ಲ ಕಪ್ಪಗೆ ಬಂದಿದೆ. ಔಷಧಿ ಕೆಟ್ಟಿದ್ರೆ ಇದೂ ಬರ್ತಿರಲಿಲ್ಲ. ಈ ಫಿಲಂ ಬೆಳಕೇ ಕಂಡಿಲ್ಲ.”

“ನಾನು ಮೂವತ್ತಾರು ಸಲ ಒತ್ತಿದ್ದೀನಲ್ಲ ಮಾಮ! ಪ್ರತಿ ಸಲ ಕ್ಯಾಮೆರಾದ ಎಡಗಡೆ ಗುಂಡಿ ತಿರುಗಿದ್ದನ್ನ ಕಣ್ಣಾರೆ ನೋಡಿದ್ದೀನಿ. ಫಿಲಂ ಓಡದೆ ಗುಂಡಿ ತಿರುಗುತ್ತಾ?”

“ತಿರುಗಲ್ಲ. ಅದಕ್ಕೇ ಇನ್ನೊಂದು ಮಾತು ಹೇಳ್ಬೇಕು, ತಾಯಿ—”

ಅಷ್ಟರಲ್ಲಿ ಬಾಗಿಲಲ್ಲಿ ಮೈದುನನ ತಲೆ ಕಾಣಿಸಿತು. “ಏನಾಯ್ತು ಅತ್ತಿಗೆ? ಕೂಗಿದ್ದು ಕೇಳಿಸ್ತು.”

ಸ್ಟುಡಿಯೋದ ಹೊಟ್ಟೆ ತುಂಬಿಸುತ್ತಿದ್ದದ್ದು ಡಿಜಿಟಲ್ಲು; ಅದನ್ನು ನೋಡಿಕೊಳ್ಳುತ್ತಿದ್ದವನು ಈ ಮೈದುನ. ಮದುವೆ, ಕಂಪನಿ ಸಾಹೇಬರುಗಳ ಭಾವಚಿತ್ರ, ಪಾತ್ರೆ ಅಂಗಡಿಯ ಜಾಹೀರಾತು—ಎಲ್ಲ ಅವನ ಕಂಪ್ಯೂಟರನ್ನು ದಾಟಿಯೇ ಹೊರಗೆ ಹೋಗಬೇಕು. ಫಿಲಂ ತಿಂಗಳಿಗೆ ಆರೋ ಏಳೋ ರೋಲು, ಅಷ್ಟೆ. ಆದರೆ ಆ ಆರೇಳು ರೋಲಿನಿಂದಲೇ ಸ್ಟುಡಿಯೋಗೆ ಹೆಸರು. ‘ಅಲ್ಲಿ ಮುಖ ತಿದ್ದಲ್ಲ, ಇದ್ದದ್ದನ್ನ ಇದ್ದ ಹಾಗೆ ತೆಗೀತಾರೆ’ ಎಂದು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಹೆಸರು ಹೊಟ್ಟೆ ತುಂಬಿಸುತ್ತದೆಯೇ ಎಂದು ಮೈದುನ ವಾರಕ್ಕೊಮ್ಮೆ ಕೇಳುತ್ತಿದ್ದ. ಹೊಟ್ಟೆಯೊಂದೇ ತುಂಬಿದರೆ ಸಾಕೇ ಎಂದು ಅವಳು ವಾರಕ್ಕೊಮ್ಮೆ ಉತ್ತರಿಸುತ್ತಿದ್ದಳು.

ಈ ಖಾಲಿ ಫಿಲಂ ಯಾರದು ಎಂದು ತಿಳಿದಾಗ ಮೈದುನನ ಮುಖವೂ ಬಿಳಿಚಿಕೊಂಡಿತು.

“ಟೀಚರದ್ದಾ?”

ಟೀಚರದ್ದೇ. ಮಂಗಳವಾರ ಬೆಳಿಗ್ಗೆ ಅವರು ಗಂಡನ ಜೊತೆ ಬಂದು ಇಲ್ಲಿ ಕೂತಿದ್ದರು. ಬುಧವಾರ ಆಪರೇಷನ್. ದವಡೆಯೊಳಗೆ ಗಡ್ಡೆ, ಎಡಗಡೆಯ ಮೂಳೆಯನ್ನೇ ತೆಗೆಯಬೇಕು, ಆಮೇಲೆ ಮುಖ ಮೊದಲಿನಂತೆ ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಇವತ್ತು ಗುರುವಾರ. ಮಂಗಳವಾರದ ಆ ಮುಖ ಈಗ ಈ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಇರಬೇಕಾಗಿದ್ದ ಒಂದೇ ಜಾಗ ಅವಳ ಕೈಯಲ್ಲಿ ನೀರು ಸುರಿಸುತ್ತಿತ್ತು.

“ಡಿಜಿಟಲ್‌ನಲ್ಲಿ ಒಂದಾದ್ರೂ ತೆಗೆದಿರ್ತೀರಲ್ಲ, ಅತ್ತಿಗೆ?”

“ಇಲ್ಲ. ಟೀಚರೇ ಬೇಡ ಅಂದ್ರು. ಕಂಪ್ಯೂಟರಲ್ಲಿ ನನ್ನ ಮುಖ ಇರೋದು ಬೇಡ, ಫಿಲಂ ಆದ್ರೆ ಮಾತ್ರ ಕೂರ್ತೀನಿ ಅಂದ್ರು.”

ಮೈದುನ ಹಣೆ ಚಚ್ಚಿಕೊಂಡ. ಆಮೇಲೆ ಅತ್ತಿಗೆಯನ್ನು ಹೊರಗೆ ಕರೆದು ದನಿ ತಗ್ಗಿಸಿದ. “ತಪ್ಪು ತಿಳಿಯಬೇಡಿ. ಹೋದ ತಿಂಗಳು ಮಾಮನ ಕೈ ನಡುಗಿ ಒಂದು ರೋಲ್ ಅಂಟಿಕೊಂಡು ಹಾಳಾಯ್ತಲ್ಲ? ಈ ಸಲಾನೂ ಹಾಗೇ ಆಗಿ, ಹೇಳೋಕೆ ಹೆದರಿ, ಹೊಸಾ ರೋಲೊಂದನ್ನ ತೊಳೆದು ಕೈಗೆ ಕೊಟ್ಟಿದ್ರೆ?”

ದನಿ ತಗ್ಗಿಸಿದರೂ ಕತ್ತಲೆಕೋಣೆಯ ಬಾಗಿಲು ತೆರೆದೇ ಇತ್ತು.

ಅವಳು ಒಳಗೆ ಹೋದಳು. ಕೇಳಬಾರದಿತ್ತು. ಹೆದರಿದ ಮನಸ್ಸು ಒಳ್ಳೆಯದನ್ನು ಯೋಚಿಸುವುದಿಲ್ಲ.

“ಮಾಮ, ನಿಜ ಹೇಳಿ. ನಿಮ್ಮ ಕೈಯಲ್ಲಿ ಹಾಳಾಯ್ತಾ? ಅದನ್ನ ಮುಚ್ಚೋಕೆ ಇದನ್ನ ತೊಳೆದ್ರಾ?”

ಮಾಮ ಖಾಲಿ ಫಿಲಮನ್ನೇ ಜೋಪಾನವಾಗಿ ಒಣಗಲು ತೂಗುಹಾಕಿದರು. ಮೈಮೇಲಿನ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆದರೆ ಅದನ್ನು ಯೋಚಿಸಲೂ ಅವಳಿಗೆ ಪುರುಸೊತ್ತು ಸಿಗಲಿಲ್ಲ. ಫೋನು ಬಡಿದುಕೊಂಡಿತು. ಟೀಚರ ಗಂಡ, ಔಷಧಿ ಅಂಗಡಿಯವರು.

“ಮೇಡಂ, ತೊಂದರೆ ಕೊಡ್ತಿದ್ದೀನಿ ಅಂದ್ಕೋಬೇಡಿ. ಅವಳು ಸೋಮವಾರ ಮನೆಗೆ ಬರ್ತಾಳೆ. ಅಷ್ಟರಲ್ಲಿ ಫೋಟೋ ಆಗುತ್ತಲ್ವಾ? ಫ್ರೇಮ್ ಆಗಲೇ ಮಾಡಿಸಿದ್ದೀನಿ. ಹಾಲ್‌ನಲ್ಲಿ, ಬಾಗಿಲಿಗೆ ಎದುರಿಗೇ. ಒಳಗೆ ಕಾಲಿಟ್ಟ ತಕ್ಷಣ ಅವಳಿಗೆ ಅವಳೇ ಕಾಣಿಸ್ಬೇಕು.”

“ಆಗುತ್ತೆ ಸರ್,” ಎಂದಳು ಅವಳು. ಅವರು ಬೈದಿದ್ದರೆ ಸಹಿಸಬಹುದಿತ್ತು, ಅವರ ದನಿಯಲ್ಲಿದ್ದ ಆ ವಿನಯವನ್ನು ಸಹಿಸಲಾಗಲಿಲ್ಲ.

ರಾತ್ರಿ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಅವಳು ದೊಡ್ಡಪ್ಪನಿಗೆ ಫೋನು ಮಾಡಿದಳು.

* * *

ದೊಡ್ಡಪ್ಪ ಪೊಲೀಸರಲ್ಲ, ವಕೀಲರಲ್ಲ. ಫಿಲಂ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತರಾದವರು. ಹಾಳಾದ ಫಿಲಮನ್ನು ಜನ ಬೈಗುಳದ ಪತ್ರದೊಂದಿಗೆ ಕಳಿಸುತ್ತಿದ್ದರು. ಇವರು ಭೂತಗನ್ನಡಿ ಹಿಡಿದು ನೋಡಿ, ತಪ್ಪು ಕಂಪನಿಯದೋ, ಕ್ಯಾಮೆರಾದ್ದೋ, ಇಲ್ಲ ಕ್ಯಾಮೆರಾ ಹಿಡಿದವರದೋ ಎಂದು ಉತ್ತರ ಬರೆಯಬೇಕಿತ್ತು. ನೆಂಟರಿಷ್ಟರೆಲ್ಲ ಅವರನ್ನು ‘ದೂರು ದೊಡ್ಡಪ್ಪ’ ಎನ್ನುತ್ತಿದ್ದರು. ಮನೆಯಲ್ಲಿ ಹಾಲು ಉಕ್ಕಿದರೂ ಒಲೆಯ ಸುತ್ತ ಎರಡು ಸುತ್ತು ಬಂದು ಕಾರಣ ಹುಡುಕುವ ಪ್ರಾಣಿ.

ಬಂದವರೇ ಕತ್ತಲೆಕೋಣೆಯನ್ನು ಒಂದು ಸುತ್ತು ಹಾಕಿದರು. ಆಮೇಲೆ ಫಿಲಮನ್ನು ಕಿಟಕಿಗೆ ಹಿಡಿದು ಮೂಸಿ ನೋಡಿದರು.

“ಅಂಚಿನ ನಂಬರು ಚೆನ್ನಾಗಿ ಬಂದಿದೆ. ತೊಳೆದಿದ್ದರಲ್ಲಿ ತಪ್ಪಿಲ್ಲ. ಪುಟ್ಟಿ, ನೀನು ರೋಲ್ ಎಲ್ಲಿಂದ ತೆಗೆದೆ?”

“ಒಳಗಿನ ಫ್ರಿಜ್‌ನಿಂದ. ಎರಡು ತೆಗೆದೆ. ಒಂದನ್ನ ಕ್ಯಾಮೆರಾಗೆ ಹಾಕಿದೆ, ಇನ್ನೊಂದು ಕೈಗಿರಲಿ ಅಂತ ಮೇಜಿನ ಮೇಲಿಟ್ಟಿದ್ದೆ.”

“ಆ ಇನ್ನೊಂದು ಎಲ್ಲಿದೆ?”

“ಫ್ರಿಜ್‌ನಲ್ಲಿ ಇರ್ಬೇಕು.”

“ಇರ್ಬೇಕಾ? ಇದೆಯಾ?”

ಹೋಗಿ ನೋಡಿದರೆ ಒಡೆಯದ ಡಬ್ಬಿಗಳಷ್ಟೇ ಇದ್ದವು. ಬಿಡಿ ರೋಲ್ ಇಲ್ಲ. ಮೇಜಿನ ಡ್ರಾಯರಿನಲ್ಲೂ ಇಲ್ಲ. ಮೈದುನನನ್ನು ಕೇಳಿದರೆ ನಾನು ಮುಟ್ಟಿಲ್ಲ ಎಂದ. ದೊಡ್ಡಪ್ಪ ಒಂದು ಡಬ್ಬಿಯ ಮೇಲಿನ ತಯಾರಿಕೆಯ ನಂಬರನ್ನೂ ಖಾಲಿ ಫಿಲಮಿನ ಅಂಚಿನ ನಂಬರನ್ನೂ ಹೋಲಿಸಿ ನೋಡಿದರು. ಎರಡೂ ಒಂದೇ!

“ಇದು ಹೊರಗಿಂದ ಬಂದದ್ದಲ್ಲ. ಅಂದ್ರೆ ಮಾಮ ತೊಳೆದದ್ದು ಆ ಇನ್ನೊಂದು ರೋಲನ್ನ,” ಎಂದರು. “ಟೀಚರ್ ರೋಲನ್ನ ಯಾರೋ ಎತ್ತಿ, ಇದನ್ನ ಅದರ ಜಾಗದಲ್ಲಿ ಇಟ್ಟಿದ್ದಾರೆ. ಕಳ್ಳತನ ಪುಟ್ಟಿ, ಇದು ಅಪಘಾತ ಅಲ್ಲ.”

ಮಾಮ ಮುಚ್ಚಿಟ್ಟರೇ ಎಂದು ತಾನು ಕೇಳಿದ್ದೇ ನಿಜವಾಗುತ್ತಿದೆಯೇನೋ ಎನಿಸಿತು ಅವಳಿಗೆ.

ದೊಡ್ಡಪ್ಪ ಮೈದುನನ ಕಡೆ ತಿರುಗಿದರು. “ನೀವು ಮಂಗಳವಾರದಿಂದ ಈಚೆಗೆ ಕತ್ತಲೆಕೋಣೆಗೆ ಹೋಗಿದ್ರಾ?”

“ನಾನಾ? ನಾನ್ಯಾಕೆ ಹೋಗ್ಲಿ? ನನಗೂ ಆ ಕೋಣೆಗೂ ಏನು ಸಂಬಂಧ? ಬೇಕಾದ್ರೆ ನನ್ನ ಮೇಜು ಹುಡುಕಿ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ದೊಡ್ಡಪ್ಪ ಜೇಬಿನಿಂದ ಅಳತೆ ಟೇಪೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಸಿಂಕಿನ ಕೆಳಗೆ ಬಿದ್ದಿತ್ತು. ಮಾಮ ಅಳತೆ ಮಾಡೋದು ಔಷಧೀನ, ಗೋಡೇನ ಅಲ್ಲ.”

ಮೈದುನ ಅತ್ತಿಗೆಯ ಮುಖ ನೋಡಲಾರದೆ ನೆಲ ನೋಡಿದ. “ಹೋಗಿದ್ದೆ. ಎರಡು ಎಡಿಟಿಂಗ್ ಮೇಜು ಹಿಡಿಯುತ್ತಾ ಅಂತ ನೋಡೋಕೆ. ಅಷ್ಟೇ, ಅತ್ತಿಗೆ. ರೋಲ್ ಮುಟ್ಟಿಲ್ಲ.”

“ಅಂದ್ರೆ ಮಾಮ ಇನ್ನೂ ಇರುವಾಗಲೇ ಅವರ ಕೋಣೆಗೆ ಅಳತೆ ಹಾಕ್ತಿದ್ದೀಯಾ!” ಒಡತಿಗೆ ಸಿಟ್ಟು ನೆತ್ತಿಗೇರಿತು.

“ಜಗಳ ಆಮೇಲೆ,” ಎಂದರು ದೊಡ್ಡಪ್ಪ. “ಕೆಡಿಸೋ ಉದ್ದೇಶ ಇದ್ದೋರಿಗೆ ಅದಲು ಬದಲು ಯಾಕೆ ಬೇಕು? ಫಿಲಂ ಕೆಡಿಸೋದು ಮಗೂಗೂ ಬರುತ್ತೆ, ಹಿಡಿದು ಬಿಸಿಲಿಗೆ ಎಳೆದ್ರೆ ಆಯ್ತು. ಇಲ್ಲಿ ಹಾಗಾಗಿಲ್ಲ. ಎತ್ತಿದೋರಿಗೆ ಆ ರೋಲ್ ಹಾಳಾಗೋದು ಬೇಕಿರ್ಲಿಲ್ಲ, ಇಲ್ಲಿ ಇರೋದು ಬೇಕಿರ್ಲಿಲ್ಲ.”

ಅವರು ಮತ್ತೆ ಕತ್ತಲೆಕೋಣೆಗೆ ಹೋಗಿ ದೀಪ ಹಾಕಿದರು. ಶೆಲ್ಫಿನ ಮೇಲೆ ಗಾಜಿನ ಜಾಡಿ. ಅದರ ತುಂಬ ಬೆರಳುದ್ದದ ಪಾರದರ್ಶಕ ತುಂಡುಗಳು.

“ಇವೇನು ಗೊತ್ತಾ?”

“ನಾಲಿಗೆ,” ಎಂದಳು ಅವಳು. ಹೊಸ ರೋಲಿನಿಂದ ಹೊರಗೆ ಚಾಚಿಕೊಂಡಿರುವ ಫಿಲಮಿನ ತುದಿಗೆ ಸ್ಟುಡಿಯೋದಲ್ಲಿ ಆ ಹೆಸರು. ತೊಳೆಯುವ ಮೊದಲು ಮಾಮ ಕತ್ತಲಲ್ಲಿ ಅದನ್ನು ಕತ್ತರಿಸಿ ತೆಗೆಯುತ್ತಿದ್ದರು. ಆಮೇಲೆ ದೀಪ ಹಾಕಿ, ಆ ತುಂಡನ್ನು ಚಿತ್ರ ಅಳಿಯದಂತೆ ಕಾಯುವ ಔಷಧಿಯಾದ ಫಿಕ್ಸರಿನಲ್ಲಿ ಅದ್ದಿ, ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎಂದು ನೋಡುತ್ತಿದ್ದರು. ಫಿಕ್ಸರಿಗೆ ಇನ್ನೂ ಶಕ್ತಿ ಇದೆಯೇ ಎಂದು ತಿಳಿಯಲು ಅದೇ ದಾರಿ. ಪರೀಕ್ಷೆ ಮುಗಿದ ನಾಲಿಗೆಗಳು ಜಾಡಿಗೆ ಬೀಳುತ್ತಿದ್ದವು.

ದೊಡ್ಡಪ್ಪ ಜಾಡಿಯನ್ನು ಬಿಳಿ ಹಾಳೆಯ ಮೇಲೆ ಮಗುಚಿದರು. ಮೂವತ್ತೋ ನಲವತ್ತೋ ತುಂಡು. ಭೂತಗನ್ನಡಿ ಅವಳ ಕೈಗೆ ಕೊಟ್ಟರು. “ತುದಿ ನೋಡು.”

ತುದಿಯಲ್ಲಿ ಗೆರೆ ಎಳೆದಂತೆ ಮಡಿಕೆ. ಕ್ಯಾಮೆರಾದೊಳಗಿನ ಸೀಳಿಗೆ ನಾಲಿಗೆಯ ತುದಿಯನ್ನು ಸಿಕ್ಕಿಸಿದಾಗ ಬೀಳುವ ಮಡಿಕೆ ಅದು. ಇನ್ನೊಂದರಲ್ಲೂ ಮಡಿಕೆ. ಮತ್ತೊಂದರಲ್ಲೂ. ಕೊನೆಗೆ ಒಂದು ತುಂಡು ಮಾತ್ರ ನುಣ್ಣಗೆ, ನೇರವಾಗಿ ಬಿದ್ದಿತ್ತು.

“ಇದು ನಿನ್ನೆಯದು,” ಎಂದರು ದೊಡ್ಡಪ್ಪ. “ಇನ್ನೂ ಹಸಿ ವಾಸನೆ ಇದೆ. ಈ ರೋಲ್ ಯಾವ ಕ್ಯಾಮೆರಾದೊಳಕ್ಕೂ ಹೋಗಿಲ್ಲ. ಸರಿ, ಈಗ ಹೇಳು. ಶೂಟಿಂಗ್ ಮುಗಿದ ರೋಲ್, ಹೊಸ ರೋಲ್—ಎರಡಕ್ಕೂ ವ್ಯತ್ಯಾಸ ಹೇಗೆ ಗುರುತಿಸ್ತೀರಿ?”

“ನಾಲಿಗೆ ಹೊರಗಿದ್ರೆ ಹೊಸದು. ಮುಗಿದ ಮೇಲೆ ನಾನು ಪೂರ್ತಿ ಒಳಗೆ ಸುತ್ತಿಬಿಡ್ತೀನಿ. ಅಪ್ಪನ ಕಾಲದ ಪದ್ಧತಿ.”

“ಬಟ್ಟಲಲ್ಲಿದ್ದ ರೋಲಿನ ನಾಲಿಗೆ ಒಳಗಿತ್ತಾ, ಹೊರಗಿತ್ತಾ?”

“ಒಳಗೇ ಇದ್ದಿರ್ಬೇಕು, ಹೊರಗಿದ್ದಿದ್ರೆ ಮಾಮ ತೊಳೀತಾನೇ ಇರ್ಲಿಲ್ಲ.”

“ಅಂದ್ರೆ ಎತ್ತಿದೋರು ಹೊಸ ರೋಲಿನ ನಾಲಿಗೇನ ಕೈಯಲ್ಲೇ ತಿರುಗಿಸಿ ಒಳಗೆ ಎಳೆದಿದ್ದಾರೆ.” ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. “ಟೀಚರ್ ಮಂಗಳವಾರ ಏನೇನು ಕೇಳಿದ್ರು? ಒಂದೂ ಬಿಡದೆ ಹೇಳು.”

“ಏನು ಕೇಳ್ತಾರೆ ದೊಡ್ಡಪ್ಪ, ಪಾಪ. ಭಯದಲ್ಲಿದ್ರು. ನಾನು ರೋಲ್ ಹಾಕೋವಾಗ ಹತ್ತಿರ ಬಂದು ನೋಡಿದ್ರು. ಮುಗಿದದ್ದು ಮುಗೀದೇ ಇದ್ದದ್ದು ಹೇಗೆ ಗೊತ್ತಾಗುತ್ತೆ ಅಂದ್ರು, ನಾಲಿಗೆ ವಿಷಯ ಹೇಳಿದೆ, ನಕ್ಕರು. ಇದರ ಕಾಪಿ ಬೇರೆ ಎಲ್ಲಾದ್ರೂ ಇರುತ್ತಾ ಅಂದ್ರು. ಇಲ್ಲ ಟೀಚರ್, ಎಲ್ಲ ಈ ಡಬ್ಬಿಯೊಳಗೇ ಅಂದೆ.”

“ಮುಗಿದ ಮೇಲೆ?”

“ರೋಲನ್ನ ಅಲ್ಲೇ ಮೇಜಿನ ಮೇಲಿದ್ದ ಬಟ್ಟಲಿಗೆ ಹಾಕಿ, ಪ್ರಿಂಟ್ ಯಾವ ಸೈಜು ಅಂತ ಅವರ ಯಜಮಾನರ ಜೊತೆ ಮುಂದಿನ ಕೌಂಟರಿಗೆ ಬಂದೆ. ಟೀಚರ್ ಕೂದಲು ಸರಿ ಮಾಡ್ಕೊಂಡು ಬರ್ತೀನಿ ಅಂತ ಒಳಗೇ…”

ಅವಳು ದೊಡ್ಡಪ್ಪನ ಮುಖ ನೋಡಿದಳು.

“ಆಸ್ಪತ್ರೆ ದೂರಾನಾ?” ಎಂದು ಕೇಳಿದರು ದೊಡ್ಡಪ್ಪ.

* * *

ಆಸ್ಪತ್ರೆಯ ಮೂರನೇ ಮಹಡಿಯ ಬೆಂಚಿನ ಮೇಲೆ ಕೂತು ಅವಳು ಇನ್ನೂ ತಲೆಯಾಡಿಸುತ್ತಲೇ ಇದ್ದಳು.

“ತನ್ನ ಫೋಟೋನ ತಾನೇ ಯಾರಾದ್ರೂ ಕದೀತಾರಾ?”

“ಲೆಕ್ಕ ನೋಡು ಪುಟ್ಟಿ. ಈ ಕೆಲಸ ಮಾಡಿದೋರಿಗೆ ನಾಲಿಗೆ ಒಳಗಿದ್ರೆ ಮುಗಿದ ರೋಲ್ ಅನ್ನೋದು ಗೊತ್ತಿತ್ತು. ಆದ್ರೆ ಮುಗಿದ ರೋಲಿನ ತುದೀಲಿ ಮಡಿಕೆ ಇರುತ್ತೆ ಅನ್ನೋದು ಗೊತ್ತಿರ್ಲಿಲ್ಲ. ಅರ್ಧ ಪಾಠ. ಮಾಮನಿಗೆ ಪೂರ್ತಿ ಪಾಠ ಗೊತ್ತು. ಜೀವಮಾನವಿಡೀ ಆ ಮಡಿಕೆ ಕತ್ತರಿಸಿದ ಮನುಷ್ಯ ಮೋಸ ಮಾಡೋಕೆ ಹೊರಟಿದ್ರೆ ಮೊದಲು ತುದಿ ಮಡಿಚ್ತಿದ್ರು. ಮಡಿಕೆ ಇಲ್ಲದ ತುಂಡನ್ನ ಸಾಕ್ಷಿ ಹಾಗೆ ಜಾಡಿಗೆ ಹಾಕಿ ಹೋಗ್ತಿರ್ಲಿಲ್ಲ. ನಿನ್ನ ಮೈದುನನಿಗೆ ಈ ಪಾಠ ಪೂರ್ತಿ ಗೊತ್ತೋ ಅರ್ಧ ಗೊತ್ತೋ, ಅದು ಬೇಡ. ಅವನಿಗೆ ಫಿಲಂ ಕೆಟ್ಟರೆ ಸಾಕಿತ್ತು, ಜೋಪಾನ ಮಾಡೋ ಅಗತ್ಯ ಏನಿತ್ತು? ಅರ್ಧ ಪಾಠ ಕಲಿತು, ಹತ್ತು ನಿಮಿಷ ಒಬ್ಬರೇ ಇದ್ದೋರು ಯಾರು? ಫಿಲಮೇ ಆಗ್ಬೇಕು, ಬೇರೆ ಕಾಪಿ ಇರಬಾರದು ಅಂತ ಹಟ ಹಿಡಿದೋರು ಯಾರು?”

“ಟೀಚರ್,” ಎಂದಳು ಅವಳು ಮೆಲ್ಲಗೆ. “ಆದ್ರೆ ಯಾಕೆ?”

“ಅದು ಭೂತಗನ್ನಡೀಲಿ ಕಾಣ್ಸಲ್ಲ. ಕೇಳ್ಬೇಕು.”

ಟೀಚರ ಮುಖದ ಎಡಭಾಗವೆಲ್ಲ ಬ್ಯಾಂಡೇಜು. ಬಾಯಿ ತೆರೆಯುವಂತಿಲ್ಲ. ಮಡಿಲಲ್ಲಿ ಒಂದು ಬರೆಯುವ ಪ್ಯಾಡು, ಪೆನ್ನು. ಗಂಡ ಕೆಳಗೆ ಔಷಧಿ ತರಲು ಹೋಗಿದ್ದರು. ಒಡತಿಯನ್ನು ಕಂಡದ್ದೇ ಟೀಚರ ಕಣ್ಣು ಒಮ್ಮೆ ಹಾಸಿಗೆಯ ಪಕ್ಕದ ಕೈಚೀಲದ ಮೇಲೆ ಹೋಗಿ ಬಂತು. ದೊಡ್ಡಪ್ಪ ಅದನ್ನು ನೋಡಿಯೂ ನೋಡದವರಂತೆ ಕುರ್ಚಿ ಎಳೆದುಕೊಂಡರು.

“ಟೀಚರ್, ನಿಮ್ಮನ್ನ ತಪ್ಪಿತಸ್ಥರು ಅನ್ನೋಕೆ ಬಂದಿಲ್ಲ. ರೋಲ್ ನಿಮ್ಮದೇ. ಆದ್ರೆ ಅದು ನಿಮ್ಮ ಹತ್ರ ಇದೆ ಅನ್ನೋದೊಂದು ನಮಗೆ ಗೊತ್ತಾಗ್ಬೇಕು. ಇದೆಯಾ?”

ಟೀಚರ್ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಪೆನ್ನು ಓಡಿತು. ಬೋರ್ಡಿನ ಮೇಲೆ ಬರೆದಷ್ಟೇ ದುಂಡಗಿನ ಅಕ್ಷರ.

‘ಇದೆ. ಹಾಳು ಮಾಡಲು ಮನಸ್ಸು ಬರಲಿಲ್ಲ. ನೋಡಲೂ ಮನಸ್ಸಿಲ್ಲ.’

“ಯಾಕೆ ಟೀಚರ್?” ಒಡತಿಗೆ ತಡೆಯಲಾಗಲಿಲ್ಲ. “ಬೇಡ ಅಂದಿದ್ರೆ ನಾನೇ ಬಿಟ್ಟುಬಿಡ್ತಿದ್ದೆ.”

‘ಅವರು ಅದನ್ನು ಹಾಲ್‌ನಲ್ಲಿ ತೂಗುಹಾಕುತ್ತಾರೆ. ಮೇಲೆ ಹಳೆಯ ಮುಖ. ಕೆಳಗೆ ಸೋಫಾದಲ್ಲಿ ಹೊಸ ಮುಖ. ಬಂದವರೆಲ್ಲ ಒಂದನ್ನು ನೋಡಿ ಇನ್ನೊಂದನ್ನು ನೋಡುತ್ತಾರೆ. ದಿನವೂ ನಾನೂ ನೋಡಬೇಕು. ನನ್ನ ಮನೆಯಲ್ಲಿ ನಾನೇ ಸತ್ತವಳ ಹಾಗೆ ಗೋಡೆಯ ಮೇಲೆ ಇರಬೇಕೆ?’

ಅವಳು ಓದಿದಳು. ಮತ್ತೊಮ್ಮೆ ಓದಿದಳು. ನಿನ್ನೆಯಿಂದ ತಾನು ಅತ್ತದ್ದು ಈ ಮುಖ ಕಳೆಯಿತಲ್ಲ ಎಂದು. ಮುಖದ ಒಡತಿಯನ್ನು ಒಂದು ಮಾತೂ ಕೇಳಿರಲಿಲ್ಲ.

“ಆದ್ರೆ ಇನ್ನೊಂದು ರೋಲ್ ಯಾಕೆ ಇಟ್ರಿ?”

‘ಬಟ್ಟಲು ಖಾಲಿ ಇದ್ದರೆ ಹುಡುಕುತ್ತೀರಿ. ಫಿಲಂ ಖಾಲಿ ಬಂದರೆ ಯಂತ್ರ ಕೈಕೊಟ್ಟಿತು ಎಂದು ಬಿಡುತ್ತೀರಿ ಎಂದುಕೊಂಡೆ. ಯಂತ್ರವನ್ನು ಬೈದುಕೊಳ್ಳುತ್ತೀರಿ, ಅಷ್ಟೇ. ಯಾರಿಗಾದರೂ ತೊಂದರೆಯಾಯಿತೇ?’

ಒಡತಿ ಪ್ಯಾಡಿನಿಂದ ತಲೆ ಎತ್ತಿದಳು. ಬಾಗಿಲಲ್ಲಿ ಔಷಧಿ ಅಂಗಡಿಯವರು ಪೊಟ್ಟಣ ಹಿಡಿದು ನಿಂತಿದ್ದರು.

“ಮೇಡಂ! ಫೋಟೋ ತಂದ್ರಾ?”

ಈಗೇನು ಹೇಳುವುದು? ಸುಳ್ಳು ಹೇಳಿ ಟೀಚರನ್ನು ಉಳಿಸಬಹುದು. ಆಗ ಕೈ ನಡುಗುವ ಒಬ್ಬ ಮನುಷ್ಯನ ತಲೆಗೇ ತಪ್ಪು ಹೋಗುತ್ತದೆ. ನಿಜ ಹೇಳಬಹುದು, ಆದರೆ ಅದು ತಾನು ಹೇಳಬೇಕಾದ ನಿಜವೇ?

“ಸರ್, ಅದು…”

ಟೀಚರ್ ಪ್ಯಾಡನ್ನು ಗಂಡನ ಕಡೆ ಚಾಚಿದರು.

ಅವರು ನಿಂತೇ ಓದಿದರು. ಓದುತ್ತ ಓದುತ್ತ ಹಾಸಿಗೆಯ ತುದಿಯಲ್ಲಿ ಕೂತರು. ಪೊಟ್ಟಣ ಕೈಯಿಂದ ಜಾರಿ ನೆಲಕ್ಕೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

“ನನಗೆ ಮೊದಲೇ ಹೇಳ್ಬಾರದಿತ್ತಾ?”

ಟೀಚರ್ ಪ್ಯಾಡನ್ನು ವಾಪಸು ತೆಗೆದುಕೊಂಡು ಒಂದೇ ಸಾಲು ಬರೆದರು.

‘ಫೋಟೋಗೆ ಬುಕ್ ಮಾಡಿದ ದಿನ ನೀವು ಅತ್ತಿರಿ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.’

ಅವರು ಹೆಂಡತಿಯ ಕೈ ಹಿಡಿದುಕೊಂಡು, ಬ್ಯಾಂಡೇಜು ಇಲ್ಲದ ಕಡೆಯಿಂದಲ್ಲ, ಇದ್ದ ಕಡೆಯಿಂದಲೇ ಮುಖ ನೋಡುತ್ತ ಕೂತರು.

ಒಡತಿ ಎದ್ದಳು. “ಟೀಚರ್, ಆ ರೋಲನ್ನ ತಂಪಾದ ಕಡೆ ಇಡಿ. ತೊಳೀದೇ ಇದ್ರೂ ವರ್ಷಗಟ್ಟಲೆ ಇರುತ್ತೆ. ಯಾವತ್ತಾದ್ರೂ ಮನಸ್ಸಾದ್ರೆ ತನ್ನಿ. ತರದೇ ಇದ್ರೂ ಸರಿ.”

ಮೆಟ್ಟಿಲಿಳಿಯುವಾಗ ನಿನ್ನೆಯಿಂದ ಎದೆಯ ಮೇಲಿದ್ದ ಭಾರ ಅರ್ಧ ಇಳಿದಂತಿತ್ತು. “ನಿಮ್ಮಿಂದ ಉಳ್ಕೊಂಡೆ, ದೊಡ್ಡಪ್ಪ. ಅಂತೂ ಕೇಸು ಮುಗೀತು.”

“ಎಲ್ಲಿ ಮುಗೀತು?” ದೊಡ್ಡಪ್ಪ ನಿಂತರು. “ಕದ್ದೋರು ಸಿಕ್ಕರು. ಅವರ ತಪ್ಪು ಚಿಕ್ಕದು, ತಮ್ಮದನ್ನ ತಾವು ತಗೊಂಡರು. ಈ ಕೇಸಲ್ಲಿ ಬೇರೆಯವರದನ್ನ ಕಿತ್ಕೊಂಡೋರು ಒಬ್ಬರು ಇದ್ದಾರೆ. ಮಾಮನ ಮಾನ ತೆಗೆದದ್ದು ಯಾರು?”

“ನಾನು,” ಎಂದಳು ಅವಳು.

“ದೂರು ವಿಭಾಗದಲ್ಲಿ ನಾವು ತಪ್ಪು ಯಾರದು ಅಂತ ಬರೆದು ಕಳಿಸ್ತಿದ್ವಿ. ಕ್ಷಮೆ ಕೇಳೋ ಕೆಲಸ ನಮ್ಮದಾಗಿರ್ಲಿಲ್ಲ. ನೀನೊಬ್ಬಳೇ ಹೋಗು.”

* * *

ಮಾಮನ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆರೆದವರು ಅವರೇ. ಕೈಯಲ್ಲಿ ಸೂಜಿ ದಾರ, ಅಂಗಿಗೆ ಗುಂಡಿ ಹಾಕುತ್ತಿದ್ದಿರಬೇಕು. ಒಳಗೆ ಬಾ ಎನ್ನಲಿಲ್ಲ. ಅವಳು ಹೊಸ್ತಿಲಾಚೆ ನಿಂತೇ ಎಲ್ಲವನ್ನೂ ಹೇಳಿದಳು—ಟೀಚರು, ನಾಲಿಗೆ, ಮಡಿಕೆ, ಎಲ್ಲ.

“ತಪ್ಪಾಯ್ತು ಮಾಮ. ನಿಮ್ಮನ್ನ ಹಾಗೆ ಕೇಳ್ಬಾರದಿತ್ತು.”

“ಮಡಿಕೆ ಇಲ್ಲ ಅಂತ ನಂಗೆ ಗೊತ್ತಿತ್ತು,” ಎಂದರು ಮಾಮ.

“ಗೊತ್ತಿತ್ತಾ? ಯಾವಾಗ?”

“ಕತ್ತಲಲ್ಲಿ ಕತ್ತರಿಸೋವಾಗಲೇ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ. ಡಬ್ಬಿ ಒಡೆದ ಮೇಲೆ ತೊಳೀದೆ ವಿಧಿ ಇಲ್ಲ, ತೊಳೆದೆ. ಇದು ನಿನ್ನ ಕ್ಯಾಮೆರಾದೊಳಗೆ ಹೋದ ರೋಲ್ ಅಲ್ಲ ಅಂತ ಹೇಳೋಕೆ ಬಾಯಿ ತೆಗೆದಿದ್ದೆ.”

ಅವಳಿಗೆ ನೆನಪಾಯಿತು. ಇನ್ನೊಂದು ಮಾತು ಹೇಳ್ಬೇಕು, ತಾಯಿ.

“ಹೇಳ್ಬಾರದಿತ್ತಾ ಮಾಮ? ಅಷ್ಟು ಹೇಳಿದ್ರೆ ಸಾಕಿತ್ತಲ್ಲ!”

“ನೀನು ಕೇಳೋಕೆ ಮುಂಚೆ ಹೇಳಿದ್ರೆ ಅದು ನಿಜ. ನೀನು ಹಾಗೆ ಕೇಳಿದ ಮೇಲೆ ಹೇಳಿದ್ರೆ ಅದು ಸಬೂಬು.” ಮಾಮ ಸೂಜಿಯನ್ನು ಅಂಗಿಗೆ ಚುಚ್ಚಿ ನಿಲ್ಲಿಸಿದರು. “ಇಷ್ಟು ವರ್ಷದಲ್ಲಿ ನಿಮ್ಮಪ್ಪ ನನ್ನ ಕೈಲಿ ಒಂದು ಸಬೂಬೂ ಹೇಳಿಸಿರ್ಲಿಲ್ಲ.”

ಅವಳು ಕಾಲು ಮುಟ್ಟಲು ಬಗ್ಗಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ಸೋಮವಾರ ಬರ್ತೀನಿ,” ಎಂದರು. “ಫಿಕ್ಸರ್ ಮುಗೀತಾ ಬಂದಿದೆ, ತರಿಸಿಡು. ಇವತ್ತು ಮಾತ್ರ ಹೋಗು, ತಾಯಿ. ಇವತ್ತು ನಂಗಿನ್ನೂ ಕೋಪ ಇದೆ.”

ಅವಳು ಹೋದಳು.